ಮಗಳಿಗೆ ದೊಡ್ಡ ಖಾಸಗಿ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ, ದುಡ್ಡು ಹೊಂದಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಾವು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡದವರು. ಮಗಳು ಈ ವರ್ಷ ಹೈಸ್ಕೂಲ್ ಮುಗಿಸುತ್ತಾಳೆ. ಅವಳು ತುಂಬಾ ಆಸೆಪಟ್ಟಿದ್ದ ಖಾಸಗಿ ಯೂನಿವರ್ಸಿಟಿಯಲ್ಲಿ ನ್ಯೂರೋಸೈನ್ಸ್ ಸೀಟು ಸಿಕ್ಕಿದೆ. ಮುಂದೆ ಮೆಡಿಕಲ್ ಓದಬೇಕೆಂಬ ಆಸೆಯೂ ಇದೆ. ವರ್ಷದ ಖರ್ಚು 91,000 ಡಾಲರ್. ಅದರಲ್ಲಿ ಒಟ್ಟು ನೆರವು 62,000, ನಾವು ಕಟ್ಟಬೇಕಾದ್ದು 29,000 ಎಂದು ಪತ್ರ ಬಂದಿದೆ. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲೂ ಸೀಟು ಇದೆ. ಅಲ್ಲಿ ಊಟ, ಹಾಸ್ಟೆಲ್ ಎಲ್ಲ ಸೇರಿ 36,000, ನೆರವು ಏನೂ ಇಲ್ಲ. 'ಹೆಸರಿರುವ ಕಾಲೇಜು, ಖರ್ಚೂ ಕಡಿಮೆ. ಇನ್ನೇನು ಯೋಚನೆ, ಸಾಲ ಮಾಡಿಯಾದರೂ ಓದಿಸೋಣ' ಅನ್ನುತ್ತಾರೆ ನಮ್ಮ ಯಜಮಾನರು. ನನಗೆ ಮಾತ್ರ ಧೈರ್ಯ ಸಾಲುತ್ತಿಲ್ಲ. 2024ರಲ್ಲಿ ನಮ್ಮಿಬ್ಬರ ಆದಾಯ 1,78,000. ಅದರಲ್ಲಿ 30,000 ಆ ವರ್ಷ ಮಾತ್ರ ಬಂದ ಬೋನಸ್. ಮಕ್ಕಳ ಓದಿಗೆಂದು ಕೂಡಿಡುವ 529 ಖಾತೆಯಲ್ಲಿ 70,000 ಇದೆ. ಸಂಬಳದಲ್ಲಿ ತಿಂಗಳಿಗೆ 1,500 ಎತ್ತಿಡಬಹುದು. ಊರಲ್ಲಿರುವ ಅತ್ತೆ ಮಾವನವರ ಆಸ್ಪತ್ರೆ ಖರ್ಚಿಗೂ ಕಳಿಸುತ್ತಿರುತ್ತೇವೆ. ಮಗ ಒಂಬತ್ತನೇ ಕ್ಲಾಸಿನಲ್ಲಿದ್ದಾನೆ. ಯಜಮಾನರಿಗೆ 52 ವರ್ಷ. ನಿವೃತ್ತಿಗೆಂದು ಕೂಡಿಟ್ಟಿರುವ 401ಕೆ ಖಾತೆಯಿಂದ ದುಡ್ಡು ತೆಗೆಯಬಹುದೇ? ಊರಿನ ಸೈಟು ಮಾರಬೇಕೇ? ಪತ್ರದ ಪ್ರತಿ ಇದರ ಜೊತೆಗಿದೆ.

ಉತ್ತರ: ಪತ್ರದ ಪ್ರತಿ ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಕಾಲೇಜಿನ ಫೈನಾನ್ಶಿಯಲ್ ಏಯ್ಡ್ ಆಫೀಸಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಇಂಥ ಪತ್ರಗಳನ್ನು ಮೇಜಿನ ಆ ಕಡೆ ಕೂತು ಬರೆದಿದ್ದೇನೆ, ಈಗ ಈ ಕಡೆ ಕೂತು ಓದುತ್ತಿದ್ದೇನೆ. ಹಾಗಾಗಿ ಮೊದಲು ಆ 62,000ವನ್ನು ಬಿಡಿಸಿ ನೋಡೋಣ.

ಪತ್ರದಲ್ಲಿ ನಾಲ್ಕು ಸಾಲುಗಳಿವೆ. ಯೂನಿವರ್ಸಿಟಿ ಗ್ರಾಂಟ್, ಅಂದರೆ ಹಿಂದಿರುಗಿಸಬೇಕಿಲ್ಲದ ದುಡ್ಡು, 34,000. ವಿದ್ಯಾರ್ಥಿಯ ಹೆಸರಿನ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಸಾಲ 5,500. ವರ್ಕ್-ಸ್ಟಡಿ 2,500. ಪೇರೆಂಟ್ ಪ್ಲಸ್ 20,000. ನಾಲ್ಕನ್ನೂ ಕೂಡಿಸಿ 'ಒಟ್ಟು ನೆರವು' ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಇದರಲ್ಲಿ ಕಾಲೇಜು ನಿಮಗೆ ಕೊಡುತ್ತಿರುವುದು ಮೊದಲ ಸಾಲು ಮಾತ್ರ. ಎರಡನೆಯದು ಮಗಳು ಮಾಡುವ ಸಾಲ. ಮೂರನೆಯದು ಅವಳು ಲೈಬ್ರರಿಯಲ್ಲೋ ಲ್ಯಾಬಿನಲ್ಲೋ ಗಂಟೆಗಟ್ಟಲೆ ದುಡಿದ ಮೇಲೆ ಕೈಗೆ ಬರುವ ಸಂಬಳ. ಫೀಸು ಕಟ್ಟುವ ದಿನ ಅದು ಇರುವುದಿಲ್ಲ. ನಾಲ್ಕನೆಯದು ನಿಮ್ಮ ತಲೆಯ ಮೇಲೆ ಬರುವ ಸಾಲ. ಅದಕ್ಕೆ ಬೇರೆ ಅರ್ಜಿ ಹಾಕಬೇಕು, ನಿಮ್ಮ ಕ್ರೆಡಿಟ್ ನೋಡುತ್ತಾರೆ, ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಅದನ್ನು ನೆರವು ಎಂದು ಕರೆದಿರುವುದು ನನಗೆ ಸರಿ ಕಾಣುವುದಿಲ್ಲ. ಇದು ಒಂದು ಕಾಲೇಜಿನ ಕಥೆಯೂ ಅಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು ಶೇ. 91ರಷ್ಟು ಕಾಲೇಜುಗಳು ಇಂಥ ಪತ್ರಗಳಲ್ಲಿ ಮನೆಯವರು ನಿಜವಾಗಿ ಭರಿಸಬೇಕಾದ ಮೊತ್ತವನ್ನು ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ಹೇಳುತ್ತವೆ.

ಹಾಗಾಗಿ ನಿಮ್ಮ ನಿಜವಾದ ಖರ್ಚು 29,000 ಅಲ್ಲ. 91,000ದಲ್ಲಿ 34,000 ಕಳೆದರೆ 57,000. ಇದು ಮೊದಲ ವರ್ಷದ ಮಾತು.

ನಾಲ್ಕು ವರ್ಷದ ಲೆಕ್ಕವನ್ನು ಈಗಲೇ ಹಾಕಬೇಕು, ಏಕೆಂದರೆ ಖಾಸಗಿ ಕಾಲೇಜುಗಳ ಫೀಸು ವರ್ಷ ವರ್ಷ ಏರುತ್ತದೆ, ಗ್ರಾಂಟ್ ಮಾತ್ರ ಎಷ್ಟೋ ಕಡೆ ಇದ್ದಲ್ಲೇ ಇರುತ್ತದೆ. ವರ್ಷಕ್ಕೆ ಶೇ. 4ರಂತೆ ಖರ್ಚು ಏರುತ್ತದೆ, ಗ್ರಾಂಟ್ 34,000ದಲ್ಲೇ ನಿಲ್ಲುತ್ತದೆ ಎಂದುಕೊಳ್ಳಿ. ಎರಡನೇ ವರ್ಷ 60,640, ಮೂರನೇ ವರ್ಷ 64,400, ನಾಲ್ಕನೇ ವರ್ಷ 68,400ರ ಹತ್ತಿರ ಬರುತ್ತದೆ. ಒಟ್ಟು 2,50,000 ಡಾಲರ್. ಅದೇ ಶೇ. 4 ಏರಿಕೆಯನ್ನು ನಿಮ್ಮ ರಾಜ್ಯದ ಯೂನಿವರ್ಸಿಟಿಗೂ ಹಾಕಿದರೆ ನಾಲ್ಕು ವರ್ಷಕ್ಕೆ ಸುಮಾರು 1,53,000. ಎರಡರ ನಡುವಿನ ಅಂತರ ಸುಮಾರು 97,000. ಯಜಮಾನರಿಗೆ ಖಾಸಗಿಯೇ ಅಗ್ಗ ಎಂದು ಕಂಡದ್ದು ಆ ಪತ್ರದ ಕೂಡುವ ಲೆಕ್ಕದಿಂದ.

ಈಗ ನಿಮ್ಮ ಕೈಯಲ್ಲಿರುವುದನ್ನು ನೋಡೋಣ. 529ರಲ್ಲಿ 70,000. ತಿಂಗಳಿಗೆ 1,500ರಂತೆ ನಾಲ್ಕು ವರ್ಷಕ್ಕೆ 72,000. ಮಗಳು ಬೇಸಿಗೆ ರಜೆಯಲ್ಲೂ ಕ್ಯಾಂಪಸ್ಸಿನಲ್ಲೂ ಕೆಲಸ ಮಾಡಿ ವರ್ಷಕ್ಕೆ 4,000 ತಂದರೆ 16,000. ಎಲ್ಲ ಸೇರಿ 1,58,000, ಸಾಲವಿಲ್ಲದೆ. ಅಂದರೆ ರಾಜ್ಯದ ಯೂನಿವರ್ಸಿಟಿಗೆ ಹೋದರೆ ನಿಮ್ಮ ಮಗಳು ಒಂದು ಡಾಲರ್ ಸಾಲವೂ ಇಲ್ಲದೆ ಪದವಿ ಮುಗಿಸಬಹುದು. ಇದು ಸಣ್ಣ ಮಾತಲ್ಲ. ಇಷ್ಟನ್ನು ಕೂಡಿಟ್ಟ ನೀವಿಬ್ಬರೂ ನಿಜಕ್ಕೂ ದೊಡ್ಡ ಕೆಲಸ ಮಾಡಿದ್ದೀರಿ.

ಖಾಸಗಿಗೆ ಹೋದರೆ ಆ 1,58,000ದ ಜೊತೆ ಮಗಳ ಹೆಸರಿನ ಫೆಡರಲ್ ಸಾಲ ಸೇರಿಸಬಹುದು. ಅದಕ್ಕೆ ಕಾನೂನಿನಲ್ಲೇ ಮಿತಿ ಇದೆ: ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ 27,000. 2025-26ರಲ್ಲಿ ಇದರ ಬಡ್ಡಿ ಶೇ. 6.39 ಇತ್ತು, ಪ್ರತಿ ಜುಲೈನಲ್ಲಿ ಹೊಸ ಸಾಲಗಳ ದರ ಬದಲಾಗುತ್ತದೆ. ಆ ದರದಲ್ಲಿ ಹತ್ತು ವರ್ಷಕ್ಕೆ ತೀರಿಸಿದರೆ ತಿಂಗಳ ಕಂತು ಸುಮಾರು 305 ಡಾಲರ್. ಕೆಲಸಕ್ಕೆ ಸೇರಿದ ಹುಡುಗಿಗೆ ಹೊರಲಾಗದ ಭಾರವಲ್ಲ ಅದು. ನಾನು ಯಾವ ಮನೆಯವರಿಗೂ ಹೇಳುವ ಗಡಿ ಇದೇ: ಪದವಿಗೆ ಸಾಲ ಅಂತ ಮಾಡುವುದಾದರೆ ಮಗುವಿನ ಹೆಸರಿನ ಈ 27,000ದವರೆಗೆ, ಅದರಾಚೆ ಬೇಡ.

ನಿಮ್ಮ ಲೆಕ್ಕ ಈ ಗಡಿಯನ್ನು ದಾಟುತ್ತದೆ. 1,58,000ಕ್ಕೆ 27,000 ಸೇರಿಸಿದರೆ 1,85,000. ಬೇಕಾದ್ದು 2,50,000. ಇನ್ನೂ 65,000 ಕಡಿಮೆ. ಆ 65,000ಕ್ಕೆ ಪತ್ರದ ನಾಲ್ಕನೇ ಸಾಲು ದಾರಿ ತೋರಿಸುತ್ತಿದೆ, ಆದ್ದರಿಂದ ಪೇರೆಂಟ್ ಪ್ಲಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾನೂನು ಈ ಸಾಲದ ನಿಯಮಗಳನ್ನೇ ಬದಲಿಸಿದೆ. ಮೊದಲು ಪೂರ್ತಿ ಖರ್ಚಿನಷ್ಟೂ ತಂದೆತಾಯಿಗಳು ಸಾಲ ಎತ್ತಬಹುದಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟಾರೆ 65,000 ಎಂದು ಮಿತಿ ಹಾಕಿದ್ದಾರೆ. ನಿಮಗೆ ಕಡಿಮೆ ಬೀಳುವ ಮೊತ್ತವೂ ಅಷ್ಟೇ ಇದೆ, ಹಾಗಾಗಿ ಸರಿಹೋಯಿತು ಅನ್ನಿಸಬಹುದು. ಹೋಗುವುದಿಲ್ಲ. 2025-26ರಲ್ಲಿ ಈ ಸಾಲದ ಬಡ್ಡಿ ಶೇ. 8.94. ಅದರ ಮೇಲೆ ಸಾಲ ಕೊಡುವಾಗಲೇ ಶೇ. 4.228 ಶುಲ್ಕ ಹಿಡಿದುಕೊಳ್ಳುತ್ತಾರೆ. 65,000 ಸಾಲ ಮಾಡಿದರೆ ಕಾಲೇಜಿಗೆ ತಲುಪುವುದು ಸುಮಾರು 62,250. ಮರುಪಾವತಿಯಲ್ಲೂ ಬದಲಾವಣೆ ಇದೆ. ಹೊಸ ಪೇರೆಂಟ್ ಪ್ಲಸ್ ಸಾಲಕ್ಕೆ ಆದಾಯ ನೋಡಿ ಕಂತು ತಗ್ಗಿಸುವ ಸೌಲಭ್ಯ ಇಲ್ಲ, ಗೊತ್ತುಪಡಿಸಿದ ಕಂತನ್ನೇ ಕಟ್ಟಬೇಕು. ಸಾಲ 50,000 ದಾಟಿ ಒಂದು ಲಕ್ಷದೊಳಗಿದ್ದರೆ ಅವಧಿ 20 ವರ್ಷ. ಶೇ. 8.94ರಲ್ಲಿ 65,000ಕ್ಕೆ ತಿಂಗಳಿಗೆ ಸುಮಾರು 580 ಡಾಲರ್ ಬರುತ್ತದೆ, ಕಟ್ಟುವ ಒಟ್ಟು ಮೊತ್ತ 1,40,000 ಮುಟ್ಟುತ್ತದೆ. ಓದುವ ನಾಲ್ಕು ವರ್ಷದ ಬಡ್ಡಿಯನ್ನು ಇದರಲ್ಲಿ ನಾನು ಸೇರಿಸಿಲ್ಲ.

ಯಜಮಾನರಿಗೆ ಈಗ 52. ಮಗಳ ಓದು ಮುಗಿದಾಗ 56. ಅಲ್ಲಿಂದ 20 ವರ್ಷ ಎಂದರೆ ಕೊನೆಯ ಕಂತು ಕಟ್ಟುವಾಗ ಅವರಿಗೆ 76. ಸಾಲ ಮಾಡಿಯಾದರೂ ಓದಿಸೋಣ ಅನ್ನುವುದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಓದಿದ್ದೇ ಹಾಗೆ, ಅಪ್ಪ ಎಲ್ಲೋ ಕೈಸಾಲ ಮಾಡಿ, ಅಮ್ಮ ಬಳೆ ಅಡವಿಟ್ಟು. ಆದರೆ ಆ ಸಾಲ ಮಗುವಿಗೆ ಕೆಲಸ ಸಿಕ್ಕ ಎರಡು ಮೂರು ವರ್ಷದಲ್ಲಿ ತೀರುತ್ತಿತ್ತು. ಇದು ಅವರ ನಿವೃತ್ತಿಯ ಒಳಕ್ಕೂ ಹೋಗುವ ಸಾಲ. ದಯವಿಟ್ಟು ಈ ಪ್ಯಾರಾವನ್ನು ಅವರಿಗೂ ಓದಲು ಕೊಡಿ.

ಇನ್ನೊಂದು ಕಾರಣವೂ ಇದೆ, ನಿಮ್ಮ ಮಗಳ ವಿಷಯದಲ್ಲಿ ಅದೇ ದೊಡ್ಡದು. ಅವಳು ಮೆಡಿಕಲ್ ಓದಬೇಕೆಂದಿದ್ದಾಳೆ. ಅದೇ 2025ರ ಕಾನೂನು ಪದವಿಯ ನಂತರದ ಓದಿಗೆ ಇದ್ದ ಗ್ರ್ಯಾಡ್ ಪ್ಲಸ್ ಸಾಲವನ್ನು ಹೊಸಬರಿಗೆ ನಿಲ್ಲಿಸಿದೆ. ಮೆಡಿಕಲ್‌ನಂಥ ಕೋರ್ಸುಗಳಿಗೆ ಫೆಡರಲ್ ಸಾಲ ಇನ್ನು ಮುಂದೆ ವರ್ಷಕ್ಕೆ 50,000, ಒಟ್ಟು 2,00,000 ಮಾತ್ರ. ಮೆಡಿಕಲ್ ಸ್ಕೂಲಿನ ಖರ್ಚು ಇದಕ್ಕಿಂತ ಹೆಚ್ಚಾದರೆ ಉಳಿದದ್ದನ್ನು ಮನೆಯವರೋ ಖಾಸಗಿ ಬ್ಯಾಂಕೋ ಕೊಡಬೇಕು. ನಿಮ್ಮ ಕೈಯ ಬಲವನ್ನೆಲ್ಲ ಮೊದಲ ನಾಲ್ಕು ವರ್ಷಕ್ಕೇ ಸುರಿದುಬಿಟ್ಟರೆ, ಅವಳಿಗೆ ನಿಜವಾಗಿ ಬೇಕಾದ ಹೊತ್ತಿನಲ್ಲಿ ನೀವು ಖಾಲಿ ಕೈಯಲ್ಲಿರುತ್ತೀರಿ. ಮೆಡಿಕಲ್ ಪ್ರವೇಶಕ್ಕೆ ಮುಖ್ಯವಾಗಿ ಬೇಕಾದ್ದು ಒಳ್ಳೆಯ ಜಿಪಿಎ (ಕಾಲೇಜಿನ ಸರಾಸರಿ ಅಂಕ), ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನ ಅಂಕ, ಲ್ಯಾಬು ಮತ್ತು ಆಸ್ಪತ್ರೆಯ ಅನುಭವ. ದೊಡ್ಡ ಸರ್ಕಾರಿ ಯೂನಿವರ್ಸಿಟಿಯಲ್ಲಿ ಇವೆಲ್ಲವೂ ಸಿಗುತ್ತವೆ.

ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲವೇ ಎಂದು ಯಜಮಾನರು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಂಬಂಧಿಸಿದ್ದು. ಬಹಳ ಆಯ್ದು ಸೇರಿಸಿಕೊಳ್ಳುವ ಕಾಲೇಜುಗಳಲ್ಲಿ ಸೀಟು ಸಿಕ್ಕೂ ಬೇರೆ ಕಡೆ ಓದಿದವರು, ಅಲ್ಲೇ ಓದಿದವರಷ್ಟೇ ಸಂಪಾದಿಸುತ್ತಿದ್ದರು ಎಂದು ಅವರು ಕಂಡರು. ತೀರಾ ಕಡಿಮೆ ಆದಾಯದ ಮನೆಗಳಿಂದ ಬಂದ ಮಕ್ಕಳಿಗೆ ಮಾತ್ರ ಆ ಕಾಲೇಜುಗಳಿಂದ ಸ್ಪಷ್ಟ ಲಾಭವಾಗಿತ್ತು. ಆ ಸೀಟು ತಂದುಕೊಟ್ಟ ಬುದ್ಧಿ, ಶ್ರಮ ನಿಮ್ಮ ಮಗಳ ಬಳಿಯೇ ಇದೆ, ಅವಳು ಹೋದಲ್ಲೆಲ್ಲ ಜೊತೆಗೆ ಬರುತ್ತದೆ. ಹಾಗೆಂದು ಹೆಸರು ಏನೂ ಅಲ್ಲ ಎಂದು ನಾನು ಹೇಳುವುದಿಲ್ಲ. ಸಣ್ಣ ತರಗತಿಗಳು, ಪ್ರೊಫೆಸರುಗಳ ಒಡನಾಟ, ಜೊತೆಗೆ ಓದುವವರ ಮಟ್ಟ ಇವೆಲ್ಲಕ್ಕೂ ಬೆಲೆ ಇದೆ. ಆದರೆ ನಿಮ್ಮ ಲೆಕ್ಕದಲ್ಲಿ ಅದಕ್ಕೆ 97,000 ಕೊಡುವಷ್ಟು ಕಾರಣ ನನಗೆ ಕಾಣುತ್ತಿಲ್ಲ.

ಹಾಗಾದರೆ ಖಾಸಗಿ ಸೀಟನ್ನು ಬಿಟ್ಟೇಬಿಡಬೇಕೇ? ಇನ್ನೂ ಬೇಡ. ನಿಮ್ಮ ಹತ್ತಿರ ಕೇಳಲು ಗಟ್ಟಿಯಾದ ಕಾರಣವಿದೆ, ಅದನ್ನು ನೀವೇ ಪ್ರಶ್ನೆಯಲ್ಲಿ ಬರೆದಿದ್ದೀರಿ.

ಫೆಡರಲ್ ನೆರವಿಗೆ ತುಂಬುವ ಅರ್ಜಿಗೆ ಫಾಫ್ಸಾ ಅನ್ನುತ್ತಾರೆ. 2026-27ರ ಫಾಫ್ಸಾ ನೋಡುವುದು 2024ರ ತೆರಿಗೆ ಲೆಕ್ಕವನ್ನು. ಆ ವರ್ಷದ 1,78,000ದಲ್ಲಿ 30,000 ಮತ್ತೆ ಬಾರದ ಬೋನಸ್. ಕಾಲೇಜಿನವರು ನಿಮ್ಮನ್ನು ಪ್ರತಿ ವರ್ಷ 1,78,000 ದುಡಿಯುವವರು ಎಂದು ಎಣಿಸಿ 34,000 ಕೊಟ್ಟಿದ್ದಾರೆ. ನಿಜದಲ್ಲಿ ನೀವು 1,48,000ದವರು. ಇಂಥ ಸಂದರ್ಭಕ್ಕೆಂದೇ ಏಯ್ಡ್ ಆಫೀಸರ್‌ಗಳಿಗೆ ಕಾನೂನು ಅಧಿಕಾರ ಕೊಟ್ಟಿದೆ. ಅದಕ್ಕೆ 'ಪ್ರೊಫೆಷನಲ್ ಜಡ್ಜ್‌ಮೆಂಟ್' ಅನ್ನುತ್ತಾರೆ. ದಾಖಲೆ ತೋರಿಸಿದರೆ ಅವರು ಆದಾಯದ ಅಂಕಿಯನ್ನು ತಿದ್ದಿ ಲೆಕ್ಕವನ್ನು ಹೊಸದಾಗಿ ಮಾಡಬಹುದು. ಹಾಗೆ ಮಾಡಲೇಬೇಕೆಂದಿಲ್ಲ, ಆದರೆ ಕೇಳದಿದ್ದರೆ ಮಾಡುವುದೇ ಇಲ್ಲ.

ಬೇಡಿಕೆ ಪತ್ರ ಬರೆಯುವ ಬಗೆ ಹೇಳುತ್ತೇನೆ. ಒಂದು ಪುಟ ಸಾಕು. ಮೊದಲ ಸಾಲಿನಲ್ಲಿ ಕೃತಜ್ಞತೆ, ಮಗಳಿಗೆ ಇದೇ ಮೊದಲ ಆಯ್ಕೆ ಎಂಬ ಮಾತು. ಎರಡನೇ ಪ್ಯಾರಾದಲ್ಲಿ ಬೋನಸ್ ವಿಷಯ: ಯಾವ ತಿಂಗಳು ಬಂತು, ಯಾಕೆ ಬಂತು, ಏಕೆ ಮತ್ತೆ ಬರುವುದಿಲ್ಲ. ಕಂಪನಿಯ ಎಚ್‌ಆರ್‌ನಿಂದ ಒಂದು ಪತ್ರ, 2024 ಮತ್ತು 2025ರ ಸಂಬಳ ತೋರಿಸುವ ಡಬ್ಲ್ಯೂ-2 ಫಾರಂಗಳು, ಈಗಿನ ಸಂಬಳದ ಚೀಟಿ ಜೊತೆಗಿರಲಿ. ಮೂರನೇ ಪ್ಯಾರಾದಲ್ಲಿ ಅತ್ತೆ ಮಾವನವರ ಆಸ್ಪತ್ರೆ ಖರ್ಚು. ಇದನ್ನು ಬರೆಯಲು ಸಂಕೋಚಪಡುವ ನಮ್ಮವರನ್ನು ನಾನು ತುಂಬಾ ನೋಡಿದ್ದೇನೆ. ಮನೆಯ ಹಿರಿಯರನ್ನು ನೋಡಿಕೊಳ್ಳುವುದನ್ನು ಲೆಕ್ಕ ಹೇಳಿದಂತಾಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅದು ಪ್ರತಿ ತಿಂಗಳು ನಿಮ್ಮ ಕೈಬಿಟ್ಟು ಹೋಗುತ್ತಿರುವ ನಿಜವಾದ ದುಡ್ಡು. ಒಂದು ವರ್ಷದ ಬ್ಯಾಂಕ್ ರವಾನೆಯ ದಾಖಲೆ ಮತ್ತು ಆಸ್ಪತ್ರೆಯ ಬಿಲ್ಲುಗಳನ್ನು ಲಗತ್ತಿಸಿ. ಬಿಲ್ಲು ಕನ್ನಡದಲ್ಲಿದ್ದರೆ ಪಕ್ಕದಲ್ಲಿ ಒಂದು ಸಾಲು ವಿವರಣೆ ಹಾಕಿದರೆ ಆಯಿತು. ಕೊನೆಯಲ್ಲಿ ನಿಮಗೆ ಎಷ್ಟು ಬೇಕು ಎಂಬುದನ್ನು ಅಂಕಿಯಲ್ಲೇ ಬರೆಯಿರಿ. 'ಸ್ವಲ್ಪ ಹೆಚ್ಚು ಮಾಡಿ' ಎಂದು ಬರೆದರೆ ಆ ಕಡೆ ಕೂತವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಆ ಅಂಕಿ ಎಷ್ಟು? ಕಡಿಮೆ ಬೀಳುವ 65,000ವನ್ನು ನಾಲ್ಕರಿಂದ ಭಾಗಿಸಿ: ವರ್ಷಕ್ಕೆ 16,000ಕ್ಕೆ ಸ್ವಲ್ಪ ಮೇಲೆ. ಗ್ರಾಂಟ್ 34,000ದಿಂದ 50,000ಕ್ಕೆ ಏರಬೇಕು. ಪೂರ್ತಿ ಸಿಗುವುದು ಕಷ್ಟ, ಒಂದು ಪಾಲು ಸಿಗುವ ಸಾಧ್ಯತೆ ಇದೆ. ಮಗಳಿಗೆ ಅದೇ ಮಟ್ಟದ ಬೇರೆ ಖಾಸಗಿ ಕಾಲೇಜಿನಿಂದ ಇದಕ್ಕಿಂತ ಒಳ್ಳೆಯ ಪತ್ರ ಬಂದಿದ್ದರೆ ಅದನ್ನೂ ಲಗತ್ತಿಸಿ. ಸರ್ಕಾರಿ ಯೂನಿವರ್ಸಿಟಿಯ ಖರ್ಚನ್ನು ತೋರಿಸಿ ಚೌಕಾಸಿ ಮಾಡಬೇಡಿ, ಅದಕ್ಕೆ ಅವರು ಬಗ್ಗುವುದಿಲ್ಲ.

ಪತ್ರ ಕಳಿಸಿದ ಮೇಲೆ ಫೋನ್ ಮಾಡಿ ಕೆಲವು ವಿಷಯ ಕೇಳಿ. ಗ್ರಾಂಟ್ ನಾಲ್ಕೂ ವರ್ಷ ಇರುತ್ತದೆಯೇ, ಫೀಸಿನ ಜೊತೆ ಅದೂ ಏರುತ್ತದೆಯೇ? ಅದಕ್ಕೆ ಜಿಪಿಎ ಷರತ್ತು ಇದೆಯೇ? ಮೆಡಿಕಲ್‌ಗೆ ತಯಾರಾಗುವ ಪ್ರಿ-ಮೆಡ್ ಮಕ್ಕಳಿಗೆ ಇದು ಮುಖ್ಯ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಒಂದು ಸೆಮಿಸ್ಟರ್ ಜಿಪಿಎಯನ್ನು ಚೆನ್ನಾಗಿಯೇ ಇಳಿಸಬಲ್ಲದು. ಮಗ ಕಾಲೇಜಿಗೆ ಸೇರುವಾಗ ಮಗಳು ಕೊನೆಯ ವರ್ಷದಲ್ಲಿರುತ್ತಾಳೆ, ಆ ವರ್ಷ ಇಬ್ಬರ ಖರ್ಚನ್ನೂ ಪರಿಗಣಿಸುತ್ತೀರಾ ಎಂದೂ ಕೇಳಿ. ಇಬ್ಬರು ಮಕ್ಕಳು ಒಟ್ಟಿಗೆ ಓದುತ್ತಿದ್ದರೆ ಫಾಫ್ಸಾ ಮೊದಲು ಕೊಡುತ್ತಿದ್ದ ರಿಯಾಯಿತಿ 2024-25ರಿಂದ ಹೋಯಿತು. ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳುವ ಖಾಸಗಿ ಕಾಲೇಜುಗಳು ತಮ್ಮ ದುಡ್ಡನ್ನು ಹಂಚುವಾಗ ಅದನ್ನು ಇನ್ನೂ ಗಮನಿಸಬಹುದು. ಹೊರಗಿನ ಸ್ಕಾಲರ್‌ಶಿಪ್ ಬಂದರೆ ಏನಾಗುತ್ತದೆ ಎಂಬುದೂ ಇರಲಿ. ಕೆಲವು ಕಾಲೇಜುಗಳು ಮಗು ಹೊರಗಿನಿಂದ 2,000 ಗೆದ್ದು ತಂದರೆ ತಮ್ಮ ಗ್ರಾಂಟಿನಲ್ಲಿ 2,000 ಕಡಿಮೆ ಮಾಡುತ್ತವೆ. ಕೆಲವು ಮೊದಲು ಸಾಲದ ಭಾಗವನ್ನು ಕಡಿಮೆ ಮಾಡುತ್ತವೆ, ಅದು ಒಳ್ಳೆಯದು.

ಖರ್ಚಿನ ಕಡೆಯಿಂದಲೂ ಸ್ವಲ್ಪ ಕಡಿಮೆ ಮಾಡಬಹುದು. ಮಗಳು ಹೈಸ್ಕೂಲಿನಲ್ಲಿ ಬರೆದ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳ ಕ್ರೆಡಿಟ್ಟನ್ನು ಆ ಯೂನಿವರ್ಸಿಟಿ ಒಪ್ಪಿಕೊಂಡು ಒಂದು ಸೆಮಿಸ್ಟರ್ ಮೊದಲೇ ಪದವಿ ಮುಗಿದರೆ, ಕೊನೆಯ ವರ್ಷದ 68,000ದಲ್ಲಿ ಅರ್ಧ ಉಳಿಯುತ್ತದೆ. ನಿಮ್ಮ ಹೆಲ್ತ್ ಇನ್ಶೂರೆನ್ಸಿನಲ್ಲಿ ಅವಳು 26 ವರ್ಷದವರೆಗೆ ಇರಬಹುದು, ಆದ್ದರಿಂದ ಕಾಲೇಜು ತಾನಾಗಿ ಬಿಲ್ಲಿಗೆ ಸೇರಿಸುವ ವಿದ್ಯಾರ್ಥಿ ಇನ್ಶೂರೆನ್ಸನ್ನು ಕೊಟ್ಟ ತಾರೀಖಿನೊಳಗೆ ಬೇಡ ಎಂದು ಹೇಳಿ. ಅದೊಂದೇ ಕೆಲವು ಸಾವಿರ ಡಾಲರ್ ಆಗುತ್ತದೆ. ಎರಡನೇ ಅಥವಾ ಮೂರನೇ ವರ್ಷ ಹಾಸ್ಟೆಲಿನಲ್ಲಿ ಇತರ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ರೆಸಿಡೆಂಟ್ ಅಸಿಸ್ಟೆಂಟ್ ಆದರೆ ರೂಮಿನ ಖರ್ಚು ಎಷ್ಟೋ ಕಡೆ ಪೂರ್ತಿ ಮಾಫಿ.

ತೆರಿಗೆಯ ಒಂದು ವಿಷಯ ನೀವು ಎಲ್ಲಿ ಸೇರಿಸಿದರೂ ಉಪಯೋಗಕ್ಕೆ ಬರುತ್ತದೆ. ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ಒಂದು ಮಗುವಿಗೆ ವರ್ಷಕ್ಕೆ 2,500ರವರೆಗೆ, ನಾಲ್ಕು ವರ್ಷ ಸಿಗುತ್ತದೆ. ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಸಲ್ಲಿಸುವಾಗ ಆದಾಯ 1,60,000 ದಾಟಿದರೆ ಕ್ರೆಡಿಟ್ ಇಳಿಯುತ್ತಾ ಹೋಗಿ 1,80,000ಕ್ಕೆ ನಿಲ್ಲುತ್ತದೆ. ಬೋನಸ್ ಇಲ್ಲದ 1,48,000ದಲ್ಲಿ ನಿಮಗೆ ಪೂರ್ತಿ ಸಿಗಬೇಕು. ಆದರೆ 529ರಿಂದ ಕಟ್ಟಿದ ಫೀಸಿಗೇ ಈ ಕ್ರೆಡಿಟ್ಟನ್ನೂ ಕೇಳುವಂತಿಲ್ಲ. ಪ್ರತಿ ವರ್ಷ ಟ್ಯೂಷನ್ ಫೀಸಿನಲ್ಲಿ 4,000ವನ್ನು 529ರಿಂದ ಅಲ್ಲದೆ ಸಂಬಳದಿಂದ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಇಷ್ಟು ಸಣ್ಣ ಎಚ್ಚರಿಕೆಯಿಂದ ನಾಲ್ಕು ವರ್ಷಕ್ಕೆ 10,000 ಉಳಿಯುತ್ತದೆ. 529ರಲ್ಲಿರುವ ದುಡ್ಡಿನಿಂದ ನೆರವು ಕಡಿಮೆಯಾಯಿತೇನೋ ಎಂದು ಪೇಚಾಡಬೇಡಿ. ಫಾಫ್ಸಾ ಲೆಕ್ಕದಲ್ಲಿ ತಂದೆತಾಯಿಯ ಆಸ್ತಿಯನ್ನು ಹೆಚ್ಚೆಂದರೆ ಶೇ. 5.64ರಷ್ಟು ಮಾತ್ರ ಪರಿಗಣಿಸುತ್ತಾರೆ. ಅದೇ ದುಡ್ಡು ಮಗಳ ಸ್ವಂತ ಹೆಸರಿನ ಬ್ಯಾಂಕ್ ಖಾತೆಯಲ್ಲಿದ್ದಿದ್ದರೆ ಶೇ. 20 ಆಗುತ್ತಿತ್ತು.

401ಕೆ ಮುಟ್ಟಬೇಡಿ. 59½ ವರ್ಷಕ್ಕೆ ಮೊದಲು ತೆಗೆದರೆ ಆದಾಯ ತೆರಿಗೆಯ ಜೊತೆ ಶೇ. 10 ದಂಡ ಬೀಳುತ್ತದೆ. ಓದಿನ ಖರ್ಚಿಗೆ ಐಆರ್‌ಎ ಎಂಬ ಇನ್ನೊಂದು ಬಗೆಯ ನಿವೃತ್ತಿ ಖಾತೆಗೆ ಇರುವ ದಂಡದ ವಿನಾಯಿತಿ 401ಕೆಗೆ ಇಲ್ಲ. ಅದರ ಮೇಲೆ ಸಾಲ ತೆಗೆಯುವ ದಾರಿಯೂ ನಿಮಗೆ ಹೊಂದುವುದಿಲ್ಲ: ಸಾಮಾನ್ಯವಾಗಿ ಐದೇ ವರ್ಷದಲ್ಲಿ ತೀರಿಸಬೇಕು, ಕೆಲಸ ಬಿಟ್ಟರೆ ಇನ್ನೂ ಬೇಗ. ಸುಮ್ಮನೆ ಇದ್ದಲ್ಲಿ ಇದ್ದರೆ ಆ ಖಾತೆಯನ್ನು ಫಾಫ್ಸಾ ಎಣಿಸುವುದೂ ಇಲ್ಲ. ಮನೆಯ ಮೇಲೆ ಸಾಲ, ಖಾಸಗಿ ಬ್ಯಾಂಕಿನ ವಿದ್ಯಾರ್ಥಿ ಸಾಲಕ್ಕೆ ನಿಮ್ಮ ಜಾಮೀನು ಸಹಿ, ಇವೆರಡಕ್ಕೂ ನನ್ನ ಉತ್ತರ ಬೇಡ ಎಂದೇ.

ಸೈಟಿನ ವಿಷಯ ಸ್ವಲ್ಪ ಜಟಿಲ. ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಫಾರಂ ತುಂಬುವಾಗ ಅದನ್ನು ತೋರಿಸಿದ್ದೀರಾ? ನೀವು ವಾಸಿಸುವ ಮನೆ ಬಿಟ್ಟು ಉಳಿದ ಆಸ್ತಿ ಬೇರೆ ದೇಶದಲ್ಲಿದ್ದರೂ ಫಾಫ್ಸಾದಲ್ಲಿ ಹೂಡಿಕೆ ಎಂದು ತೋರಿಸಬೇಕು. ಬಿಟ್ಟಿದ್ದರೆ ಈಗಲೇ ತಿದ್ದುಪಡಿ ಸಲ್ಲಿಸಿ, ಬೇಡಿಕೆ ಪತ್ರ ಕಳಿಸುವ ಮೊದಲೇ. ಹೆಚ್ಚು ನೆರವು ಕೇಳಿದ ಅರ್ಜಿಗಳನ್ನು ಆಫೀಸಿನವರು ಕೂಲಂಕಷವಾಗಿ ನೋಡುತ್ತಾರೆ. ಈಗ ಮಾರುವುದರಲ್ಲಿ ಇನ್ನೊಂದು ತೊಡಕಿದೆ. 2026ರಲ್ಲಿ ಮಾರಿದರೆ ಲಾಭವು ಆ ವರ್ಷದ ಅಮೆರಿಕದ ತೆರಿಗೆ ರಿಟರ್ನಿನಲ್ಲಿ ಆದಾಯವಾಗಿ ಬರುತ್ತದೆ. 2028-29ರ ಫಾಫ್ಸಾ ನೋಡುವುದು 2026ರ ರಿಟರ್ನನ್ನು. ಮಗಳ ಮೂರನೇ ವರ್ಷದಲ್ಲಿ ನಿಮ್ಮ ಆದಾಯ ಒಮ್ಮೆಲೇ ಏರಿದಂತೆ ಕಂಡು ಗ್ರಾಂಟ್ ಕುಸಿಯಬಹುದು. ಮತ್ತೆ ಬೋನಸ್ ಕಥೆಯೇ ಆಗುತ್ತದೆ. ಇಂಡಿಯಾದಲ್ಲಿ ಮಾರಾಟದ ಹೊತ್ತಿಗೇ ಖರೀದಿದಾರರು ಟಿಡಿಎಸ್ ಹಿಡಿಯುತ್ತಾರೆ, ಎರಡೂ ದೇಶದ ತೆರಿಗೆಯನ್ನು ಹೊಂದಿಸಬೇಕಾಗುತ್ತದೆ. ಪದವಿಗಾಗಿ ಸೈಟು ಮಾರಬೇಡಿ. ಮೆಡಿಕಲ್ ಸೀಟು ಸಿಕ್ಕ ದಿನಕ್ಕೆ ಅದು ಇರಲಿ.

ಮಗನ ಸರದಿ ಇನ್ನೂ ಮೂರು ವರ್ಷ ದೂರ ಇದೆ. ಅವನ ವಿಷಯದಲ್ಲಿ ಈ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ ಮಾಡಿ. ಫೆಡರಲ್ ನೆರವು ಪಡೆಯುವ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಬೇಕೆಂದು 2011ರಿಂದ ಕಾನೂನಿದೆ. ನಿಮ್ಮ ಆದಾಯ, ಆಸ್ತಿ ತುಂಬಿದರೆ ನಿಮಗೆ ಬೀಳುವ ಖರ್ಚಿನ ಅಂದಾಜು ಸಿಗುತ್ತದೆ. ಹೆಸರು ದೊಡ್ಡದಾದಷ್ಟೂ ಖರ್ಚು ಹೆಚ್ಚು ಎಂದು ತಿಳಿಯಬೇಡಿ. ಹಾರ್ವರ್ಡ್ ಮತ್ತು ಎಂಐಟಿ 2025-26ರಿಂದ, ಸಾಮಾನ್ಯ ಮಟ್ಟದ ಆಸ್ತಿ ಇರುವ ಮನೆಗಳಿಗೆ ಆದಾಯ 2,00,000ದವರೆಗೆ ಟ್ಯೂಷನ್ ಫೀಸೇ ಇಲ್ಲ ಎಂದಿವೆ. ಪ್ರಿನ್ಸ್‌ಟನ್ 2001ರಲ್ಲೇ ನೆರವಿನ ಪತ್ರದಿಂದ ಸಾಲವನ್ನು ತೆಗೆದುಹಾಕಿತು. ಹಾರ್ವರ್ಡ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಕಾಲೇಜುಗಳು ಅಂಕ ನೋಡಿ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಆದಾಯ ನೋಡಿ ಕೊಡುತ್ತವೆ. ಅಂಕಕ್ಕೆ ಧಾರಾಳವಾಗಿ ಕೊಡುವುದು ಅವುಗಳಿಗಿಂತ ಒಂದೆರಡು ಮೆಟ್ಟಿಲು ಕೆಳಗಿರುವ ಖಾಸಗಿ ಕಾಲೇಜುಗಳು. ಕೈ ಸುಡುವುದು ಹೆಚ್ಚಾಗಿ ನಡುವಿನವು: ಹೆಸರಿದೆ, ಫೀಸಿದೆ, ಆದರೆ ಕೊಡುವಷ್ಟು ದೊಡ್ಡ ನಿಧಿ ಇಲ್ಲ. ನಿಮ್ಮ ಮಗಳಿಗೆ ಸಿಕ್ಕಿರುವುದು ಅಂಥದ್ದೇ ಎಂದು ಆ ಪತ್ರ ನೋಡಿ ನನಗನ್ನಿಸುತ್ತದೆ.

ಈಗ ನನ್ನ ತೀರ್ಮಾನ. ಗ್ರಾಂಟ್ 50,000ದ ಹತ್ತಿರ ಬಂದು ನಾಲ್ಕೂ ವರ್ಷ ಇರುತ್ತದೆ ಎಂದು ಬರವಣಿಗೆಯಲ್ಲಿ ಕೊಟ್ಟರೆ ಸಂತೋಷದಿಂದ ಸೇರಿಸಿ. 42,000 - 44,000ಕ್ಕೆ ನಿಂತರೆ, ಎಪಿ ಕ್ರೆಡಿಟ್ಟಿನಿಂದ ಒಂದು ಸೆಮಿಸ್ಟರ್ ಉಳಿಯುವುದು ಖಚಿತವಾದರೆ ಮಾತ್ರ ಯೋಚಿಸಿ. ಆಗ ಪೇರೆಂಟ್ ಪ್ಲಸ್ ಇಲ್ಲದೆ ಹೇಗೋ ದಾಟಬಹುದು. ಅದಕ್ಕಿಂತ ಕಡಿಮೆಯಾದರೆ ರಾಜ್ಯದ ಯೂನಿವರ್ಸಿಟಿ. ಅಲ್ಲಿ ಆನರ್ಸ್ ಕಾರ್ಯಕ್ರಮ ಇದ್ದರೆ ಮಗಳು ಈ ವಾರವೇ ವಿಚಾರಿಸಲಿ.

ಇದನ್ನೆಲ್ಲ ನೀವಿಬ್ಬರೇ ತೀರ್ಮಾನಿಸಿ ಮಗಳಿಗೆ ಆಮೇಲೆ ತಿಳಿಸಬೇಡಿ. ಮೂರೂ ಜನ ಊಟದ ಮೇಜಿಗೆ ಕೂತು, ಎರಡೂ ಕಾಲೇಜಿನ ನಾಲ್ಕು ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಅವಳ ಮುಂದಿಡಿ. ಮೆಡಿಕಲ್ ಖರ್ಚನ್ನೂ ಅದರಲ್ಲಿ ಸೇರಿಸಿ. ಹದಿನೇಳು ಹದಿನೆಂಟರ ಮಕ್ಕಳು ನಾವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಅಂಕಿಗಳನ್ನು ಅರ್ಥಮಾಡಿಕೊಳ್ಳುತ್ತಾರೆ. ಅವಳು ಅತ್ತರೆ ಅಳಲಿ. ಆಸೆಪಟ್ಟದ್ದು ಕೈತಪ್ಪುವಾಗ ಅಳುವುದು ಸಹಜ. ಆದರೆ ಕಾರಣ ತನಗೆ ಗೊತ್ತಿದೆ, ತನ್ನನ್ನೂ ಕೇಳಿದ್ದಾರೆ ಎಂಬುದು ಅವಳಿಗೆ ತಿಳಿದಿರಬೇಕು.

ಬೇಡಿಕೆ ಪತ್ರ ಈ ವಾರವೇ ಹೋಗಲಿ. ಸೀಟು ಒಪ್ಪಿಕೊಳ್ಳಲು ಮೇ 1 ಕೊನೆಯ ದಿನ, ಏಪ್ರಿಲ್ ಕೊನೆಯಲ್ಲಿ ಏಯ್ಡ್ ಆಫೀಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಡ್ಮಿಷನ್ ಆಫೀಸಿಗೆ ಮೇಲ್ ಮಾಡಿ, ನೆರವಿನ ಮರುಪರಿಶೀಲನೆ ಮುಗಿಯುವವರೆಗೆ ಗಡುವು ವಿಸ್ತರಿಸಿ ಎಂದು ಕೇಳಿ, ಒಪ್ಪಿದರೆ ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ವಿಸ್ತರಣೆ ಸಿಗದೆ ಮೇ 1 ಬಂದರೆ ರಾಜ್ಯದ ಯೂನಿವರ್ಸಿಟಿಗೆ ಡೆಪಾಸಿಟ್ ಕಟ್ಟಿ ಸೀಟು ಉಳಿಸಿಕೊಳ್ಳಿ. ಆಮೇಲೆ ಖಾಸಗಿಯವರಿಂದ ಒಳ್ಳೆಯ ಉತ್ತರ ಬಂದು ಅವರು ಸೀಟು ಇನ್ನೂ ಇಟ್ಟಿದ್ದರೆ, ಡೆಪಾಸಿಟ್ ಬಿಟ್ಟುಕೊಟ್ಟು ಅಲ್ಲಿಗೆ ಬದಲಾಯಿಸಬಹುದು. ಹೋಗುವುದು ಆ ಕೆಲವು ನೂರು ಡಾಲರ್ ಮಾತ್ರ.